ಐದು ಊರು, ಏಳು ಪ್ರೇಮಕಥೆ... ಅವಸರ ಮಾತ್ರ ಇಲ್ಲ!

ಚಿತ್ರರಸಿಕರೇ, ಈಗಿನ ಹುಡುಗರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ‘ಹಳೇ ಲವ್ ಪಿಕ್ಚರಾ? ಅಯ್ಯೋ, ಬೋರು ಕಣ್ರೀ! ಮೂರು ಗಂಟೆ ಕೂತರೂ ಹೀರೋ ಬಾಯಿ ಬಿಡಲ್ಲ!’ ಸರಿ, ಒಪ್ಪೋಣ. ಆದರೆ ಹೀಗೆ ಹೇಳುವ ಹುಡುಗರಲ್ಲೇ ಕೆಲವರು ರಾತ್ರಿ ಹನ್ನೆರಡಾದ ಮೇಲೆ ಕಂಬಳಿಯೊಳಗೆ ಮೊಬೈಲ್ ಹಿಡಿದು ಜಪಾನಿನ ಹಳೇ ಕಾರ್ಟೂನ್ ಪ್ರೇಮಕಥೆ ನೋಡುತ್ತಿದ್ದಾರೆ. ಅನಿಮೆ ಅಂತ ಅದಕ್ಕೆ ಹೆಸರು. ಅಲ್ಲಿ ಹೀರೋ ಬಾಯಿ ಬಿಡೋದಕ್ಕೆ ಮೂರು ಗಂಟೆ ಸಾಲದು, ನಲವತ್ತು ಗಂಟೆ ಬೇಕು! ಅದು ಮಾತ್ರ ಬೋರಲ್ಲವಂತೆ. ಹೇಗಿದೆ ವರಸೆ?

ಹಾಗಾದರೆ ನಮ್ಮ ಹಳೇ ನಿಧಾನವನ್ನೂ ಅವರ ಹಳೇ ನಿಧಾನವನ್ನೂ ಪಕ್ಕಪಕ್ಕ ಕೂರಿಸಿ ನೋಡಿಯೇ ಬಿಡೋಣ ಅಂತ ಹೊರಟೆ. ಮನೆಯಲ್ಲಿ ಕೂತರೆ ಕೈ ಸುಮ್ಮನಿರುವುದಿಲ್ಲ, ಕಥೆಯನ್ನು ಓಡಿಸಿ ಓಡಿಸಿ ನೋಡುತ್ತೇವೆ. ನಿಧಾನದ ಕಥೆಗೆ ನಿಧಾನದ ದಾರಿಯೇ ಬೇಕು. ಅದಕ್ಕೇ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಹೀಗೆ ಐದು ಊರಿನ ಸುತ್ತು ಹಾಕಿಕೊಂಡೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಸೀಮೆ ಇದು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಮೂರು ದಿನ, ನಾಲ್ಕಾರು ಸರ್ಕಾರಿ ಬಸ್ಸು, ಒಂದು ರೈಲು. ಫೋನಿನಲ್ಲಿ ಮೂರು ಕನ್ನಡದ ಕಥೆ, ನಾಲ್ಕು ಜಪಾನಿನ ಕಥೆ. ಎಲ್ಲ ಮೊದಲೇ ನೋಡಿದ್ದವೇ. ದಾರಿಯಲ್ಲಿ ಬೇಕಾದ ಕಡೆ ಮತ್ತೆ ನೋಡಿದೆ. ಕಥೆಯ ಕೊನೆಯನ್ನು ಹೇಳದೆ ಈ ಲೆಕ್ಕ ಮುಗಿಯುವುದಿಲ್ಲ. ಆದ್ದರಿಂದ ಕೊನೆ ಗೊತ್ತಾದರೆ ಸಿಟ್ಟಾಗುವವರು ಪುಟ ತಿರುವಬಹುದು!

ಕೂಡ್ಲಿಗಿ: ಇಂದಿರೆಯ ‘ಇಲ್ಲ’

ಕೂಡ್ಲಿಗಿ ಅಂದರೆ ಶೇಂಗಾ, ಜೋಳ, ಹುಣಸೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ. ಪಕ್ಕದಲ್ಲೇ ಚಿತ್ರದುರ್ಗ–ಹೊಸಪೇಟೆಯ ಹೆದ್ದಾರಿ ಭರ್ರೆಂದು ಓಡುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಕಾಯುವುದೇ ಕೆಲಸ. 2023ರಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಬಂದ ಮೇಲೆ ಅರ್ಧ ಬಸ್ಸು ಅವರದೇ. ನಾವು ಗಂಡಸರು ಕಂಬಿ ಹಿಡಿದು ನಿಲ್ಲೋದು. ನಿಂತು ಕಾಯೋದು ಗಂಡಸರೂ ಕಲಿಯಲಿ ಬಿಡಿ, ಒಳ್ಳೇದೇ.

ಈ ಕಡೆಯ ಊರುಗಳಿಗೆ ನಿಧಾನದ ಪ್ರೇಮಕಥೆ ಬಂದದ್ದು ಟೆಂಟಿನ ದಾರಿಯಿಂದ. ಊರ ಹೊರಗೆ ಡೇರೆ, ಕೂರಲಿಕ್ಕೆ ಮರಳು. ಮೈಕಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿದರೆ ಆಟ ಶುರುವಾಗುತ್ತದೆ ಅಂತ ಅರ್ಥ, ಹೊಲದಲ್ಲಿದ್ದವರೂ ಓಡಿ ಬರಬೇಕು. ಒಂದೇ ಪ್ರೊಜೆಕ್ಟರ್. ಹಾಗಾಗಿ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಆ ಬೆಳಕಿನಲ್ಲಿ ಬೀಡಿ, ಸೋಡಾ, ಹುರಿದ ಶೇಂಗಾ, ಮತ್ತು ವಾದ! ‘ಆಕಿ ಅವನ್ನ ಮದುವಿ ಆಗ್ತಾಳೋ ಇಲ್ಲೋ?’ ಜಪಾನಿನ ಟಿವಿಯಲ್ಲಿ ವಾರಕ್ಕೊಂದು ಕಂತು ಬರುತ್ತಿದ್ದಾಗ ಅಲ್ಲಿನ ಮನೆಮನೆಯಲ್ಲೂ ನಡೆದದ್ದು ಇದೇ ವಾದವಿರಬೇಕು. ನಡುವೆ ಬಿಡುವು ಸಿಕ್ಕರೆ ನೋಡುವವನು ನಾಯಕಿಯ ಪರವಾಗಿ ಯೋಚಿಸಲು ಶುರುಮಾಡುತ್ತಾನೆ. ನಿಧಾನದ ಕಥೆ ನಂಬಿಕೊಂಡಿರುವುದು ಇದನ್ನೇ.

ಈಗ ‘ಬೆಳ್ಳಿಮೋಡ’ಕ್ಕೆ ಬನ್ನಿ. 1967ರ ಚಿತ್ರ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯದು. ಮಿನುಗುತಾರೆ ಕಲ್ಪನಾ ಇಂದಿರೆಯಾಗಿ, ಕಲ್ಯಾಣ್‌ಕುಮಾರ್ ಮೋಹನನಾಗಿ. ಕಾದಂಬರಿ ತ್ರಿವೇಣಿಯವರದು. ಆಕೆ 1963ರಲ್ಲೇ ತೀರಿಕೊಂಡಿದ್ದರು, ತಮ್ಮ ಇಂದಿರೆಯನ್ನು ತೆರೆಯ ಮೇಲೆ ಕಾಣಲೇ ಇಲ್ಲ. ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳ ಜೊತೆ ನಿಶ್ಚಯ ಮಾಡಿಕೊಂಡು, ಅವಳಪ್ಪನ ದುಡ್ಡಿನಲ್ಲಿ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ! ಮೋಹನನ ಪ್ರೀತಿ ತಣ್ಣಗಾಗುತ್ತದೆ. ಆಮೇಲೆ ಅವನೇ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಾಗ ಅವಳು ಆರೈಕೆ ಮಾಡುತ್ತಾಳೆ. ಈಗ ಅವನಿಗೆ ನಿಜವಾಗಿ ಅವಳ ಬೆಲೆ ಗೊತ್ತಾಗುತ್ತದೆ, ಮದುವೆಗೆ ತಯಾರು. ಇಂದಿರಾ ಏನು ಹೇಳುತ್ತಾಳೆ? ಇಲ್ಲ ಅನ್ನುತ್ತಾಳೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಯೋಚಿಸಿ ನೋಡಿ. ಇದೇ ಕಥೆಯನ್ನು ಅವಸರದಲ್ಲಿ ಹೇಳಿದ್ದರೆ ಆ ‘ಇಲ್ಲ’ ಅನ್ನುವುದು ಬರೀ ಸಿಟ್ಟಾಗಿ ಕಾಣುತ್ತಿತ್ತು. ಅವಳು ಕಾಯುವುದನ್ನು, ಅನುಮಾನಿಸುವುದನ್ನು, ಮೌನವಾಗಿ ಸೇವೆ ಮಾಡುವುದನ್ನು ಒಂದೊಂದಾಗಿ ನೋಡಿದ್ದರಿಂದಲೇ ಟೆಂಟಿನ ಮರಳಿನಲ್ಲಿ ಕೂತವನಿಗೂ ಅವಳದೇ ಸರಿ ಅನ್ನಿಸಿತು. ಅಂದಹಾಗೆ ಆ ಕಾಫಿ ಎಸ್ಟೇಟಿಗೂ ಕೂಡ್ಲಿಗಿಗೂ ಇನ್ನೊಂದು ನಂಟಿದೆ. ಇಲ್ಲಿಂದ ಗುಳೆ ಹೋಗುವವರಲ್ಲಿ ಬೆಂಗಳೂರಿಗೆ ಹೋಗುವವರಂತೆ ಮಲೆನಾಡಿನ ಕಾಫಿ ತೋಟಗಳಿಗೆ ಹೋಗುವವರೂ ಇದ್ದಾರೆ. ಇಂದಿರೆ ಓಡಾಡಿದಂಥ ಗುಡ್ಡದಲ್ಲಿ ಕಾಫಿ ಕೊಯ್ಯುವ ಕೈಗಳಲ್ಲಿ ಈ ಸೀಮೆಯವೂ ಇವೆ.

ಪುಟ್ಟಣ್ಣನವರದೇ ಇನ್ನೊಂದು ಚಿತ್ರ ಇಲ್ಲಿಗೆ ಇನ್ನೂ ಹತ್ತಿರ. 1982ರ ‘ಮಾನಸ ಸರೋವರ’. ಕೂಡ್ಲಿಗಿಗೆ ಅಂಟಿಕೊಂಡ ಸಂಡೂರು ತಾಲೂಕಿನ ಕೆಂಪು ಗುಡ್ಡಗಳಲ್ಲಿ ಚಿತ್ರೀಕರಣವಾದದ್ದು. ಶ್ರೀನಾಥ್ ಮನೋವೈದ್ಯ. ಪದ್ಮಾ ವಾಸಂತಿ ಅವರ ಕೈಯಲ್ಲಿ ಗುಣವಾಗುವ ರೋಗಿ. ಔಷಧಿ ಕೊಡುತ್ತಾ ಕೊಡುತ್ತಾ ಡಾಕ್ಟರಿಗೆ ಪ್ರೀತಿ ಹುಟ್ಟುತ್ತದೆ. ಹುಡುಗಿಯ ಮನಸ್ಸು ರಾಮಕೃಷ್ಣ ಮಾಡಿದ ತರುಣನ ಕಡೆ ಹೋಗುತ್ತದೆ. ಕೊನೆಗೆ ಅವಳು ಗುಣವಾದಳು, ಡಾಕ್ಟರು ಹುಚ್ಚನಾದ! ಇದೂ ನಿಧಾನದ ಪ್ರೇಮವೇ. ಆದರೆ ಎಂಥ ನಿಧಾನ? ಡಾಕ್ಟರು ಕಾದದ್ದು ತನ್ನ ಮನಸ್ಸಿನೊಳಗೆ. ಅವಳ ಮನಸ್ಸಿನಲ್ಲಿ ಏನಿದೆ ಅಂತ ಕೇಳಿ ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಎರಡೂ ಪುಟ್ಟಣ್ಣನವರದೇ, ಎರಡರಲ್ಲೂ ಅವಸರವಿಲ್ಲ. ಒಂದರಲ್ಲಿ ಆ ಸಮಯ ಹೆಣ್ಣಿಗೆ ಸಿಕ್ಕಿತು, ಇನ್ನೊಂದರಲ್ಲಿ ಗಂಡಿನ ಕನಸಿಗೆ ಹೋಯಿತು. ಈ ವ್ಯತ್ಯಾಸವನ್ನು ಜೇಬಿನಲ್ಲಿಟ್ಟುಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ.

ಕೊಟ್ಟೂರು: ಕುಸುಬೆ ಹೂ, ರೈಲು, ರೈತ

ಕೊಟ್ಟೂರು ಗುರು ಕೊಟ್ಟೂರೇಶ್ವರನ ಊರು. ತೇರಿನ ಹೊತ್ತಿಗೆ ದಾವಣಗೆರೆ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ಬಸ್ಸಿದೆ, ಆದರೂ ನಡಿಗೆ! ನಡೆದು ಬಂದರೆ ಸಿಗುವುದು ಬಸ್ಸಿನಲ್ಲಿ ಬಂದರೆ ಸಿಗುವುದಿಲ್ಲ ಅಂತ ನಂಬಿಕೆ. ಪಾದಯಾತ್ರೆಯ ಮಾತು ಬಂತಲ್ಲ, ಇನ್ನೊಂದು ನೆನಪಾಯಿತು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಿದ್ದರು. ರೈತನಿಗೆ ಹೆಣ್ಣು ಕೊಡುವವರಿಲ್ಲ, ದೇವರೇ ಗತಿ ಅಂತ! ಪೇಪರಿನವರು ನಗುನಗುತ್ತಾ ಬರೆದರು. ನಡೆದವರಿಗೆ ಅದು ನಗುವ ವಿಷಯ ಆಗಿರಲಿಲ್ಲ. ಈ ಸೀಮೆಯಲ್ಲೂ ಆ ಕಷ್ಟ ಬೇಕಾದಷ್ಟಿದೆ.

ರೈತನ ಪ್ರೇಮಕಥೆ ಅಂದರೆ ನಾನು ಮೊದಲು ತೋರಿಸುವುದು ‘ಒಮೊಹಿದೆ ಪೊರೊಪೊರೊ’. 1991ರ ಚಿತ್ರ, ನಿರ್ದೇಶಕ ಇಸಾವೊ ತಕಹಾತ. ಪ್ರಸಿದ್ಧ ಘಿಬ್ಲಿ ಸ್ಟುಡಿಯೋದ್ದು. ಕಥೆ ನಡೆಯುವುದು 1982ರಲ್ಲಿ. ತಾಯೆಕೊ ಟೋಕಿಯೋದ ಆಫೀಸಿನಲ್ಲಿ ಕೆಲಸ ಮಾಡುವ 27 ವರ್ಷದ ಹೆಣ್ಣು, ಮದುವೆಯಾಗಿಲ್ಲ. ರಜೆ ಹಾಕಿ ರಾತ್ರಿ ರೈಲು ಹತ್ತಿ ಯಮಗಾತ ಎಂಬ ಹಳ್ಳಿಗಾಡಿಗೆ ಹೋಗುತ್ತಾಳೆ. ಯಾತಕ್ಕೆ ಗೊತ್ತೇ? ಕುಸುಬೆ ಹೂ ಕೀಳಲಿಕ್ಕೆ! ಹೌದು ಸ್ವಾಮೀ, ನಮ್ಮ ಎರೆಹೊಲದಲ್ಲಿ ದನ ನುಗ್ಗದಿರಲಿ ಅಂತ ಜೋಳದ ಅಂಚಿಗೆ ಹಾಕುತ್ತಾರಲ್ಲ, ಎಣ್ಣೆ ತೆಗೆಯುತ್ತಾರಲ್ಲ, ಅದೇ ಮುಳ್ಳಿನ ಕುಸುಬೆ. ಅಲ್ಲಿ ಅದರ ಹೂವಿನಿಂದ ತುಟಿಗೆ ಹಚ್ಚುವ ಕೆಂಪು ಬಣ್ಣ ಮಾಡುತ್ತಿದ್ದರು. ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲಿ ಹೂ ಕೀಳಬೇಕು. ಹಿಂದೆ ಕಿತ್ತ ಹುಡುಗಿಯರ ಬೆರಳಿಗೆ ರಕ್ತ, ಬಣ್ಣ ಹಚ್ಚುವ ಭಾಗ್ಯ ಪಟ್ಟಣದ ಹೆಂಗಸರಿಗೆ. ಈ ಮಾತೂ ಚಿತ್ರದಲ್ಲಿ ಬರುತ್ತದೆ.

ಅಲ್ಲಿ ತೊಶಿಯೊ ಎಂಬ ಹುಡುಗ. ಕಂಪನಿ ಕೆಲಸ ಬಿಟ್ಟು ಬೇಸಾಯಕ್ಕೆ ಬಂದವನು, ರಾಸಾಯನಿಕ ಗೊಬ್ಬರ ಬಿಟ್ಟು ಬೆಳೆಯುವ ಹುಚ್ಚು. ಇಬ್ಬರೂ ಮಾತಾಡುತ್ತಾರೆ. ಹೊಲದ ಮಾತು, ಬಾಲ್ಯದ ಮಾತು, ಅಷ್ಟೇ. ಒಂದು ಡ್ಯುಯೆಟ್ ಇಲ್ಲ, ಒಂದು ಫೈಟ್ ಇಲ್ಲ. ಕೊನೆಗೆ ಮನೆಯ ಅಜ್ಜಿ ‘ನಮ್ಮ ತೊಶಿಯೊನನ್ನ ಮದುವೆಯಾಗಿ ಇಲ್ಲೇ ಇದ್ದುಬಿಡು’ ಎಂಬ ಮಾತು ಎತ್ತಿದಾಗ ತಾಯೆಕೊ ಗಾಬರಿಯಾಗಿ ಮಳೆಯಲ್ಲಿ ಹೊರಗೆ ಓಡುತ್ತಾಳೆ. ತನಗೆ ಹಳ್ಳಿ ನಿಜವಾಗಿ ಬೇಕೋ, ಬರೀ ರಜೆಯ ಸಂತೋಷವೋ? ಮಾರನೆ ದಿನ ಅವಳನ್ನು ಸ್ಟೇಷನ್ನಿಗೆ ಬಂದು ಬೀಳ್ಕೊಡುತ್ತಾರೆ. ತೊಶಿಯೊ ಕೈ ಹಿಡಿದು ಎಳೆಯುವುದಿಲ್ಲ. ರೈಲು ಹೊರಡುತ್ತದೆ. ಹೆಸರುಗಳು ಪರದೆಯ ಮೇಲೆ ಬರುವಾಗ, ನಮ್ಮ ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ, ಅವಳು ರೈಲಿನಿಂದ ಇಳಿದು ವಾಪಸ್ ಬರುತ್ತಾಳೆ. ತಾನಾಗಿಯೇ!

ಇದನ್ನು ನಾನು ಮತ್ತೆ ನೋಡಿದ್ದು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ರೈಲಿನಲ್ಲಿ. ಹೊಸಪೇಟೆ–ಕೊಟ್ಟೂರು ಹಳಿ ಬ್ರಿಟಿಷರ ಕಾಲದ್ದು. ನಡುವೆ ಬಹಳ ವರ್ಷ ಪ್ಯಾಸೆಂಜರ್ ರೈಲೇ ಇಲ್ಲದೆ, 2019ರಲ್ಲಿ ಹೊಸಪೇಟೆ–ಹರಿಹರ ರೈಲು ಬಂತು. ಕಾದದ್ದು ಸಾರ್ಥಕ ಅಂತ ಈ ಜನ ಹೇಳಬಲ್ಲರು!

ಆ ರೈಲಿನಲ್ಲೇ ಎದುರು ಸೀಟಿಗೆ ಒಬ್ಬ ತರುಣ ಬಂದು ಕೂತ. ಇಪ್ಪತ್ತೊಂಬತ್ತು ಇರಬಹುದು. ಬಗಲಲ್ಲಿ ಒಂದು ಚೀಲ, ಅದರಲ್ಲಿ ಕೆಟ್ಟ ಪಂಪ್‌ಸೆಟ್ಟಿನ ಬಿಡಿಭಾಗ. ಹಡಗಲಿಯಲ್ಲಿ ರಿಪೇರಿ ಮಾಡಿಸಬೇಕಂತೆ. ನನ್ನ ಫೋನಿನ ಕಡೆ ಬಗ್ಗಿ, ‘ಸಾರ್, ಇದು ಕುಸುಬಿ ಅಲ್ರೀ?’ ಅಂದ.

‘ಹೌದು ತಮ್ಮಾ, ಕುಸುಬಿನೇ. ಜಪಾನಿನ ಕುಸುಬಿ.’

‘ಹೊಲದಾಗಿನ ಕೆಲ್ಸಾನೂ ಸಿನಿಮಾ ಮಾಡ್ಯಾರ?’ ಅಂತ ನಕ್ಕ. ಕೊನೆಯ ಹತ್ತು ನಿಮಿಷ ಇಬ್ಬರೂ ಒಂದೇ ಫೋನಿನಲ್ಲಿ ನೋಡಿದೆವು. ಅವಳು ರೈಲಿಳಿದಾಗ ಅವನು ನಗಲಿಲ್ಲ. ‘ಹಿಂಗೆಲ್ಲ ಆಗ್ತೈತೇನ್ರಿ ಸಾರ್?’ ಅಂದ. ಮೆಲ್ಲಗೆ ಅವನ ಕಥೆ ಬಿಚ್ಚಿಕೊಂಡಿತು. ಮೂರು ಕಡೆ ಹೆಣ್ಣು ನೋಡಿ ಬಂದದ್ದಾಯಿತು, ಮೂರೂ ಕಡೆ ‘ಹುಡುಗ ಹೊಲ ಮಾಡ್ತಾನಾ?’ ಅಂತ ಕೇಳಿ ಮುಗಿಸಿದರು. ನಾಲ್ಕನೆಯದು ಹಡಗಲಿಯ ಹುಡುಗಿ. ಅವಳು ಮಾತ್ರ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ‘ಉಗಾದಿ ತನಕ ಟೈಮ್ ಕೊಡ್ರಿ’ ಅಂದಿದ್ದಾಳೆ.

‘ನಮ್ಮ ಸೋದರಮಾವ ಬಿಡವಲ್ಲ ಸಾರ್. ಇವತ್ತ ಹಡಗಲಿಗೆ ಹೊಂಟಿದ್ದೀ, ಆಕಿ ಅಪ್ಪನ್ನ ಹಿಡಿದು ಮಾತು ಮುಗಿಸ್ಕೊಂಡೇ ಬಾ ಅಂತಾನ. ಹೆಣ್ಣಿನ ಮನಸು, ಟೈಮ್ ಕೊಟ್ರ ಕೈ ಜಾರತೈತಿ ಅಂತಾನ.’

ಹಗರಿಬೊಮ್ಮನಹಳ್ಳಿ: ಮುಳುಗಿದ ಊರು, ಸತ್ತ ಗಂಡ

ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಹಡಗಲಿ ಬಸ್ಸಿಗೆ ಇಬ್ಬರೂ ಕಾದೆವು. ಮಂಡಕ್ಕಿ, ಮಿರ್ಚಿ, ಚಾ ಎಲ್ಲ ಆಯಿತು. ಈ ಕಡೆ ತುಂಗಭದ್ರೆಯ ಹಿನ್ನೀರು ಹತ್ತಿರ. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಊರೂರುಗಳೇ ಮುಳುಗಿದವು. ನಾರಾಯಣದೇವರಕೆರೆಯ ಜನ ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಬೇಸಿಗೆಯಲ್ಲಿ ನೀರು ಇಳಿದರೆ ಹಳೇ ಊರಿನ ಕಲ್ಲುಗಳು ತಲೆ ಎತ್ತುತ್ತವೆ. ಹೊಸ ಊರಿನಲ್ಲಿ ಹುಟ್ಟಿ ಬೆಳೆದವರೂ ಹೋಗಿ ನೋಡಿ ಬರುತ್ತಾರೆ.

‘ಮೇಝಾನ್ ಇಕ್ಕೋಕು’ ಕಥೆಯ ನಾಯಕಿಯ ಮನಸ್ಸು ಹೀಗೇ, ಒಳಗೆ ಒಂದು ಊರು ಮುಳುಗಿದೆ. ರುಮಿಕೊ ತಕಹಾಶಿ ಎಂಬಾಕೆ 1980ರಿಂದ 1987ರವರೆಗೆ ಚಿತ್ರಕಥೆಯಾಗಿ ಪತ್ರಿಕೆಯಲ್ಲಿ ಬರೆದದ್ದು. 1986ರಿಂದ 1988ರವರೆಗೆ ಟಿವಿಯಲ್ಲಿ 96 ಕಂತು. ಒಂದು ಹಳೇ ಮರದ ವಠಾರ. ಅದನ್ನು ನೋಡಿಕೊಳ್ಳುವವಳು ಕ್ಯೋಕೊ, ಚಿಕ್ಕ ವಯಸ್ಸಿನ ವಿಧವೆ. ಅವಳ ನಾಯಿಗೆ ತೀರಿಕೊಂಡ ಗಂಡನದೇ ಹೆಸರು, ಸೋಯಿಚಿರೊ. ವಠಾರದಲ್ಲಿ ಬಾಡಿಗೆಗಿರುವ ಗೊದಾಯ್, ಕಾಲೇಜಿನ ಎಂಟ್ರೆನ್ಸ್‌ನಲ್ಲಿ ಫೇಲಾಗಿ ಕೂತ ಹುಡುಗ. ಕೈಯಲ್ಲಿ ಕಾಸಿಲ್ಲ. ಓದಲು ಕೂತರೆ ಪಕ್ಕದ ರೂಮಿನವರು ಇವನ ರೂಮಿನಲ್ಲೇ ಕುಡಿತದ ಪಾರ್ಟಿ ಮಾಡುತ್ತಾರೆ. ಎದುರಾಳಿ ಮಿತಾಕ, ಸಿರಿವಂತ, ಟೆನಿಸ್ ಕಲಿಸುವವನು, ಹಲ್ಲು ಫಳಫಳ. ಪಾಪ, ನಾಯಿ ಕಂಡರೆ ಮಾತ್ರ ನಡುಗುತ್ತಾನೆ!

ನಗು ಬೇಕಾದಷ್ಟಿದೆ. ಆದರೆ ನಲವತ್ತು ಗಂಟೆ ಯಾಕೆ ಹಿಡಿಯಿತು? ಗೊದಾಯ್ ಗೆಲ್ಲಬೇಕಾದದ್ದು ಮಿತಾಕನನ್ನಲ್ಲ. ಸತ್ತವನ ಜೊತೆ ಕುಸ್ತಿ ಆಡೋಕಾಗುತ್ತದೆಯೇ? ಕ್ಯೋಕೊಗೆ ಹೊಸ ಪ್ರೀತಿ ಬಂದರೆ ಹಳೆಯದು ಸುಳ್ಳಾಯಿತೇ ಎಂಬ ಭಯ. ಅದು ಕರಗಲು ವರ್ಷಗಳೇ ಬೇಕು. ಅಷ್ಟರಲ್ಲಿ ಗೊದಾಯ್ ಪಾಸಾಗುತ್ತಾನೆ, ಕೆಲಸ ಹುಡುಕುತ್ತಾನೆ, ಗಂಡಸಾಗುತ್ತಾನೆ. ಕೊನೆಗೆ ಸೋಯಿಚಿರೊನ ಸಮಾಧಿಯ ಮುಂದೆ ನಿಂತು, ಆ ಸತ್ತವನ ನೆನಪಿನ ಸಮೇತ ಕ್ಯೋಕೊಳನ್ನು ಒಪ್ಪಿಕೊಳ್ಳುತ್ತೇನೆ ಅನ್ನುತ್ತಾನೆ. ಕ್ಯೋಕೊ ಕೇಳುವುದು ಒಂದೇ. ತನಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು! ಚಿನ್ನವಲ್ಲ, ಬಂಗಲೆಯಲ್ಲ, ಒಂದು ದಿನ. ಗಂಡನನ್ನು ಕಳೆದುಕೊಂಡವಳಲ್ಲದೆ ಇನ್ಯಾರಿಗೆ ಹೊಳೆದೀತು ಆ ಮಾತು?

ಇದರ ಪಕ್ಕಕ್ಕೆ ನಮ್ಮ ‘ಎರಡು ಕನಸು’ ಇಡಿ. 1974, ದೊರೈ–ಭಗವಾನ್ ನಿರ್ದೇಶನ, ವಾಣಿಯವರ ಕಾದಂಬರಿ, ರಾಜನ್–ನಾಗೇಂದ್ರ ಸಂಗೀತ. ಅಣ್ಣಾವ್ರ ರಾಮು ಕಾಲೇಜಿನ ಮೇಷ್ಟ್ರು. ಮಂಜುಳಾ ಮಾಡಿದ ಲಲಿತೆಯನ್ನು ಪ್ರೀತಿಸಿ, ಮನೆತನದ ಜಗಳದಿಂದ ಕಳೆದುಕೊಂಡು, ಹಿರಿಯರ ಬಲವಂತಕ್ಕೆ ಕಲ್ಪನಾ ಮಾಡಿದ ಗೌರಿಯನ್ನು ಮದುವೆಯಾಗುತ್ತಾನೆ. ಮದುವೆಯಾದ ಮೇಲೂ ಮನಸ್ಸೆಲ್ಲ ಹಳೇ ಕಡೆ. ಗೌರಿ ಒಂದೇ ಮನೆಯಲ್ಲಿದ್ದು ಪರಕೀಯಳು. ಇಲ್ಲೂ ಒಬ್ಬರು ಹಳೇ ನೆನಪು ಬಿಡುತ್ತಿಲ್ಲ, ಇನ್ನೊಬ್ಬರು ಕಾಯುತ್ತಿದ್ದಾರೆ. ಆದರೆ ಕ್ಯೋಕೊ ತನ್ನ ನೆನಪಿಗಾಗಿ ಯಾರನ್ನೂ ಕಟ್ಟಿ ಹಾಕಿರಲಿಲ್ಲ, ಗೊದಾಯ್ ಬೇಕಾದರೆ ಹೋಗಬಹುದಿತ್ತು. ಗೌರಿ ಎಲ್ಲಿಗೆ ಹೋಗಬೇಕು? ಲಲಿತೆ ತನ್ನ ಸಂಸಾರದಲ್ಲಿ ಸುಖವಾಗಿದ್ದಾಳೆ ಅಂತ ಕಂಡ ಮೇಲಷ್ಟೇ ರಾಮುವಿನ ಕಣ್ಣು ತೆರೆಯಿತು. ಹಾಡುಗಳನ್ನು ಇವತ್ತಿಗೂ ಗುನುಗುತ್ತೇವೆ, ಅಣ್ಣಾವ್ರ ಮುಖದ ನೋವಿಗೆ ಮನಸೋಲುತ್ತೇವೆ. ಆದರೂ ಈ ಸಲ ನೋಡುವಾಗ ನನ್ನ ಕಣ್ಣು ಹೋದದ್ದು ಬಾಗಿಲ ಬಳಿ ನಿಂತ ಗೌರಿಯ ಕಡೆಗೇ. ಕಲ್ಪನಾ ನಟನೆಗೆ ಇನ್ನೊಮ್ಮೆ ಜೈ.

ಹಡಗಲಿ: ಮೊಗ್ಗು, ಕಾರ್ಣಿಕ, ಒಂದೇ ಮಾತು

ಹೂವಿನ ಹಡಗಲಿಗೆ ಬಸ್ಸು ಬಂತು. ಸೀಟೂ ಸಿಕ್ಕಿತು, ಆಶ್ಚರ್ಯ! ಹಡಗಲಿ ಮಲ್ಲಿಗೆಗೆ ಜಿಐ ಮುದ್ರೆ ಸಿಕ್ಕಿದೆ, ಅದು ನಿಮಗೂ ಗೊತ್ತು. ಅದನ್ನು ಕೀಳುವುದು ಮೊಗ್ಗಿನಲ್ಲೇ, ಬೆಳಕು ಹರಿಯುವ ಹೊತ್ತಿಗೆ. ಮುಡಿದವರ ತಲೆಯ ಮೇಲೆ ಸಂಜೆ ತಾನಾಗಿ ಅರಳುತ್ತದೆ. ಬೆರಳಲ್ಲಿ ಬಿಡಿಸಿ ಅರಳಿಸಲು ಹೋದರೆ ಎಸಳು ಕಂದಿತು ಅಂತಲೇ ಲೆಕ್ಕ.

ಬಸ್ಸಿನಲ್ಲಿ ಹಿರಿಯರಿಬ್ಬರು ಆ ವರ್ಷದ ಮೈಲಾರದ ಕಾರ್ಣಿಕಕ್ಕೆ ಇನ್ನೂ ಅರ್ಥ ಹುಡುಕುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ!’ ಅನ್ನುತ್ತಾನೆ. ಇಡೀ ಜನಸಾಗರ ಗಪ್‌ಚಿಪ್. ಆಮೇಲೆ ಒಂದೇ ಒಂದು ವಾಕ್ಯ. ಮುಗಿಯಿತು, ಕೆಳಕ್ಕೆ ಬೀಳುತ್ತಾನೆ. ಆ ಒಂದು ಮಾತನ್ನು ರೈತರು ಮಳೆಗೆ ಹೊಂದಿಸುತ್ತಾರೆ, ರಾಜಕಾರಣಿಗಳು ಕುರ್ಚಿಗೆ ಹೊಂದಿಸುತ್ತಾರೆ.

‘ಟಚ್’ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಿತ್ಸುರು ಅದಾಚಿಯವರ ಕಥೆ, 1985ರಿಂದ 1987ರವರೆಗೆ ಟಿವಿಯಲ್ಲಿ 101 ಕಂತು. ಅವಳಿ ಅಣ್ಣತಮ್ಮ, ಪಕ್ಕದ ಮನೆಯ ಹುಡುಗಿ ಮಿನಾಮಿ. ತಮ್ಮ ಕಝುಯಾ ಬೇಸ್‌ಬಾಲ್ ಹೀರೋ, ಅಣ್ಣ ತತ್ಸುಯಾ ಸೋಮಾರಿ. ಫೈನಲ್ ಪಂದ್ಯದ ದಿನ ಒಂದು ಮಗುವನ್ನು ಉಳಿಸಲು ಹೋಗಿ ತಮ್ಮ ಅಪಘಾತದಲ್ಲಿ ಸಾಯುತ್ತಾನೆ. ಮಿನಾಮಿಯನ್ನು ಕೋಶಿಯೆನ್ ಮೈದಾನಕ್ಕೆ ಕರೆದೊಯ್ಯುತ್ತೇನೆ ಅಂದಿದ್ದ ತಮ್ಮನ ಮಾತನ್ನು ಅಣ್ಣ ನಡೆಸಬೇಕು. ಅವನಿಗೂ ಮಿನಾಮಿ ಮೇಲೆ ಮನಸ್ಸಿದೆ, ಅವಳಿಗೂ ಇದೆ. ಆದರೆ ಸತ್ತ ತಮ್ಮನ ಜಾಗಕ್ಕೆ ನುಗ್ಗಿದಂತೆ ಆಗಬಾರದು. ಬೆವರು ಸುರಿಸಿ, ಗೆದ್ದು, ಆಮೇಲೆ ‘ಪ್ರೀತಿಸುತ್ತೇನೆ’ ಎಂಬ ಒಂದೇ ಮಾತು ಹೇಳುತ್ತಾನೆ. ನೂರು ಕಂತಿನ ಸದ್ದಡಗಿದ ಮೇಲೆ ಒಂದು ವಾಕ್ಯ, ಥೇಟ್ ಕಾರ್ಣಿಕ!

ಇಷ್ಟು ಹೊತ್ತೂ ತರುಣನಿಗೆ ಕಥೆಗಳನ್ನು ಒಂದೊಂದಾಗಿ ಹೇಳುತ್ತಾ ಬಂದಿದ್ದೆ. ‘ಬೆಳ್ಳಿಮೋಡ’ದ್ದೂ ಹೇಳಿದೆ. ಅವನು ಬಹಳ ಹೊತ್ತು ಕಿಟಕಿಯ ಆಚೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

‘ಸಾರ್, ಉಗಾದಿ ಆದಮ್ಯಾಲ ಆಕಿ ಇಲ್ಲ ಅಂದ್ರ?’

‘ಇಲ್ಲ ಅಂದ್ರ ಇಲ್ಲ, ತಮ್ಮಾ.’

‘ಅಲ್ಲೀತನ ಕಾದಿದ್ದು?’

ಸುಳ್ಳು ಸಮಾಧಾನ ಹೇಳಲು ಬಾಯಿ ಬರಲಿಲ್ಲ. ‘ಕಾದಿದ್ದು ಹೋಗ್ತೈತಿ. ಆದ್ರ ಬಲವಂತಕ್ಕ ಹ್ಞೂಂ ಅಂದಾಕಿ ಕೂಡ ಬದುಕೋದು ನಿನಗೂ ಕಷ್ಟ, ಆಕಿಗೂ ಕಷ್ಟ’ ಅಂದೆ. ಆ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಸೋದರಮಾವನದೇ ಇರಬೇಕು, ದನಿ ನನಗೂ ಕೇಳುವಷ್ಟು ಜೋರು. ಇವನು ಹ್ಞೂಂ ಹ್ಞೂಂ ಅಂದು, ಕೊನೆಗೆ ಹೇಳಿದ: ‘ಮಾವಾ, ಪಂಪ್ ರಿಪೇರಿ ಮಾಡಿಸ್ಕೊಂಡು ಸಂಜಿ ಬಸ್ಸಿಗೆ ಬರ್ತೀನಿ. ಅವರ ಮನಿಗೆ ಹೋಗಂಗಿಲ್ಲ. ಆಕಿ ಉಗಾದಿ ಅಂದಾಳ, ಉಗಾದೀನ.’ ಹಡಗಲಿಯಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ವೆಲ್ಡಿಂಗ್ ಅಂಗಡಿಗಳ ಸಾಲಿನ ಕಡೆ ನಡೆದ.

ಹರಪನಹಳ್ಳಿ: ಅತ್ತಲೋ ಇತ್ತಲೋ

ಹರಪನಹಳ್ಳಿಯ ಪಾಡು ನೋಡಿ. ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅತ್ತ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರಕ್ಕೆ ಸೇರಿತು. ಊರು ಇದ್ದಲ್ಲೇ ಇದೆ, ಬೋರ್ಡಿನ ಮೇಲಿನ ಹೆಸರು ಮಾತ್ರ ಬದಲಾಗುತ್ತಾ ಬಂತು!

‘ಕಿಮಗುರೆ ಆರೆಂಜ್ ರೋಡ್’ ಕಥೆಯ ಕ್ಯೋಸುಕೆಯೂ ಹೀಗೇ. 1987–88ರಲ್ಲಿ 48 ಕಂತು. ಅವನಿಗೆ ಮಾಯಾಶಕ್ತಿ ಇದೆ, ಮನಸ್ಸು ಗಟ್ಟಿ ಮಾಡುವ ಶಕ್ತಿ ಮಾತ್ರ ಇಲ್ಲ! ಉದ್ದದ ಮೆಟ್ಟಿಲು ಹತ್ತುತ್ತಾ ಮದೋಕಾಳನ್ನು ಭೇಟಿಯಾಗುತ್ತಾನೆ. ಮೆಟ್ಟಿಲು 99ರೋ 100ರೋ ಅಂತ ಇಬ್ಬರಿಗೂ ವಾದ. ಅವಳ ಕೆಂಪು ಹ್ಯಾಟು, ಆ ಬಿಸಿಲು, ಆ ಸಂಗೀತ, ಅಬ್ಬಾ! ನೋಡಲಿಕ್ಕೆ ಏಳರಲ್ಲೇ ಅತ್ಯಂತ ಸುಂದರ ಇದು. ಆದರೆ ಹಿಕಾರು ಎಂಬ ಕಿರಿಯ ಹುಡುಗಿ ಇವನನ್ನು ಮನಸಾರೆ ನಂಬಿರುತ್ತಾಳೆ. ಅವಳಿಗೆ ಬೇಡ ಅನ್ನುವುದಿಲ್ಲ, ಇವಳಿಗೆ ಬೇಕು ಅನ್ನುವುದಿಲ್ಲ. ಇದು ಕಾಯುವಿಕೆಯೇ? ನನ್ನ ಪ್ರಕಾರ ಇದು ಬರೀ ತಪ್ಪಿಸಿಕೊಳ್ಳುವುದು. ಇಬ್ಬರು ಹುಡುಗಿಯರ ಸಮಯವನ್ನು ಒಬ್ಬನೇ ಖರ್ಚು ಮಾಡುತ್ತಿದ್ದಾನೆ.

ಹರಪನಹಳ್ಳಿಯ ಹತ್ತಿರವೇ ಬಾಗಳಿ. ಅಲ್ಲಿನ ಕಲ್ಲೇಶ್ವರ ಗುಡಿ ಚಾಲುಕ್ಯರ ಕಾಲದ್ದು, ಗೋಡೆಯ ಮೇಲೆ ಪ್ರಣಯದ ಕೆತ್ತನೆಗಳು. ಅದರ ನೆರಳಿನಲ್ಲಿ ಕೂತು ಲೆಕ್ಕ ಹಾಕಿದೆ. ಏಳೂ ನಿಧಾನದ ಕಥೆ. ಹಾಗಾದರೆ ಏಳೂ ಒಂದೇನಾ? ಖಂಡಿತ ಅಲ್ಲ. ಡಾಕ್ಟರು, ರಾಮು, ಕ್ಯೋಸುಕೆ ಈ ಮೂವರ ನಿಧಾನದಲ್ಲಿ ಹೆಣ್ಣಿಗೆ ಮಾತೇ ಇಲ್ಲ. ‘ಬೆಳ್ಳಿಮೋಡ’, ‘ಒಮೊಹಿದೆ’, ‘ಇಕ್ಕೋಕು’ ಈ ಮೂರರಲ್ಲಿ ಕೊನೆಯ ಮಾತು ಅವಳದು. ಒಬ್ಬಳು ಇಲ್ಲ ಅಂದಳು, ಒಬ್ಬಳು ರೈಲಿಳಿದು ಬಂದಳು, ಒಬ್ಬಳು ಒಂದು ಷರತ್ತು ಹಾಕಿ ಹ್ಞೂಂ ಅಂದಳು. ‘ಟಚ್’ ನಡುವೆ ನಿಲ್ಲುತ್ತದೆ. ಅಲ್ಲಿ ಇಬ್ಬರೂ ಸೇರಿ ಸತ್ತವನಿಗೆ ಗೌರವ ಕೊಡುತ್ತಾರೆ.

ಇನ್ನೊಂದು ಸ್ವಾರಸ್ಯ ಗಮನಿಸಿದಿರಾ? ಆ ಮೂರರ ಮೂಲದಲ್ಲೂ ಹೆಣ್ಣಿನ ಲೇಖನಿ ಇದೆ. ಇಂದಿರೆ ತ್ರಿವೇಣಿಯವರವಳು, ಕ್ಯೋಕೊ ತಕಹಾಶಿಯವಳು. ‘ಒಮೊಹಿದೆ’ಗೆ ಆಧಾರವಾದ ಚಿತ್ರಕಥೆಯನ್ನು ಬರೆದದ್ದು ಹೊತಾರು ಒಕಮೊತೊ ಎಂಬಾಕೆ. ಹಾಗಂತ ಹೆಂಗಸು ಬರೆದದ್ದೆಲ್ಲ ಹೀಗೇ ಅಂತಿಲ್ಲ, ‘ಎರಡು ಕನಸು’ ಕೂಡ ವಾಣಿಯವರದೇ. ಅವರು ಗೌರಿಯ ಸಂಕಟವನ್ನು ಅಷ್ಟು ಬಿಡಿಸಿ ಬರೆದದ್ದರಿಂದಲೇ ಇವತ್ತು ನಾವು ರಾಮುವನ್ನು ಪ್ರಶ್ನೆ ಮಾಡುವಂತಾಗಿದೆ. ಆಮೇಲಿನ ಎಷ್ಟೋ ಚಿತ್ರಗಳಲ್ಲಿ ಹೀರೋ ಹುಡುಗಿಯ ಹಿಂದೆ ಹಿಂದೆ ಅಲೆದು, ದಾರಿಗೆ ಅಡ್ಡ ನಿಂತು, ಹ್ಞೂಂ ಅನ್ನಿಸಿಕೊಂಡು, ನಾವೂ ಶಿಳ್ಳೆ ಹಾಕಿದೆವು. ಅವು ವೇಗದ ಚಿತ್ರಗಳು ಅಂತ ಹೊಗಳಿಸಿಕೊಂಡವು. ವೇಗ ಎಲ್ಲಿಂದ ಬಂತು ಅಂದರೆ, ಅವಳು ಯೋಚಿಸುವ ಸೀನುಗಳನ್ನು ಕತ್ತರಿಸಿ ಹಾಕಿದ್ದರಿಂದ!

ಇನ್ನು ನಿಮಗೆ ನೋಡುವ ಕ್ರಮ. ಮೊದಲು ‘ಒಮೊಹಿದೆ ಪೊರೊಪೊರೊ’, ಎರಡೇ ಗಂಟೆ, ಹೆಸರು ಬಂತು ಅಂತ ಎದ್ದುಬಿಡಬೇಡಿ. ಮಾರನೆ ದಿನ ‘ಬೆಳ್ಳಿಮೋಡ’. ಅದು ಹಿಡಿಸಿದರೆ ‘ಮಾನಸ ಸರೋವರ’, ‘ಎರಡು ಕನಸು’. ಆಮೇಲೆ ‘ಮೇಝಾನ್ ಇಕ್ಕೋಕು’, ದಿನಕ್ಕೆ ಒಂದೇ ಕಂತು, ಮೂರು ತಿಂಗಳು ಚಿಂತೆಯಿಲ್ಲ. ಕ್ರಿಕೆಟ್ ಹುಚ್ಚಿದ್ದವರು ‘ಟಚ್’ ಹಿಡಿಯಿರಿ. ‘ಆರೆಂಜ್ ರೋಡ್’ ಸಂಗೀತಕ್ಕಾಗಿ ನೋಡಿ, ಕ್ಯೋಸುಕೆಯನ್ನು ಗುರು ಮಾಡಿಕೊಳ್ಳಬೇಡಿ. ಹಡಗಲಿ–ಹರಪನಹಳ್ಳಿ ಬಸ್ಸು ತಡವಾದರೆ ಕಂಡಕ್ಟರ್ ಮೇಲೆ ರೇಗಬೇಡಿ. ಇಪ್ಪತ್ತೈದು ನಿಮಿಷ ತಡ ಅಂದರೆ ಸರಿಯಾಗಿ ಒಂದು ಕಂತು!